ಅವ್ವನ 'ಆಲು' ಮತ್ತು ಟೋಲ್ಕೀನನ ಕ್ರಿಯಾಪದಗಳು

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಊರಿಂದ ಅವ್ವನೂ ಬಂದಿದ್ದಳು. ಸಂಜೆ ಅಕ್ಕನ ಮಗಳು ಆಟ ಮುಗಿಸಿ ಅಪಾರ್ಟ್‌ಮೆಂಟಿನ ಇಬ್ಬರು ಗೆಳತಿಯರ ಜೊತೆ ಒಳಗೆ ಬಂದಳು. ಎಂಟು ವರ್ಷದ ಪೋರಿ. ಅಡಿಗೆಮನೆಯಿಂದ ಅವ್ವ "ಬಾ ಮಗ, ಆಲು ಕುಡ್ಕೊಂಡು ಓಗು" ಅಂತ ಕೂಗಿದಳು. ಗೆಳತಿಯರಿಬ್ಬರೂ ಕಿಸಕ್ಕನೆ ನಕ್ಕರು. ಪೋರಿಗೆ ಅವಮಾನ ಆಯ್ತೇನೋ, "ಅಜ್ಜೀ, ಆಲು ಅಲ್ಲ, ಹಾಲು. ಹಾ... ಹಾಲು. ಎಲ್ಲಿ ಹೇಳು ನೋಡೋಣ" ಅಂತ ಪಾಠ ಶುರು ಮಾಡಿದಳು. ಅವ್ವ ಒಂದ್ಸಲ ಹೇಳೋಕೆ ನೋಡಿದಳು. ಬರಲಿಲ್ಲ. ನಕ್ಕು, ಲೋಟ ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ಮಕ್ಕಳು ಮನೆಗೆ ಹೋಗೋವರೆಗೂ ಮತ್ತೆ ಬಾಯಿ ಬಿಡಲಿಲ್ಲ.

ನನಗೆ ಅಲ್ಲೇ ಏನೋ ಹೇಳಬೇಕು ಅನ್ನಿಸ್ತು, ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಸುತ್ತು ಬಳಸಿ ಹೇಳಬೇಕಾಗುತ್ತೆ, ತಾಳ್ಮೆಯಿಂದ ಓದಿ ಪ್ಲೀಸ್ :)

ಮೊದಲು ಒಂದು ತಪ್ಪೊಪ್ಪಿಗೆ. ನನಗೊಂದು ವಿಚಿತ್ರ ಹವ್ಯಾಸ ಇದೆ. ಯಾರೂ ಆಡದ, ಯಾರೂ ಆಡಬೇಕಾಗಿಯೂ ಇಲ್ಲದ ಒಂದು ಭಾಷೆಯನ್ನ ಕಟ್ಟುತ್ತಾ ಕೂತಿರ್ತೀನಿ. ಆಫೀಸಿನಲ್ಲಿ ಗೊತ್ತಾದಾಗ "ಬಾಹುಬಲಿಯಲ್ಲಿ ಕಾಲಕೇಯರು ಆಡ್ತಾರಲ್ಲ, ಕಿಲಿಕಿ, ಆ ಥರಾನಾ?" ಅಂತ ಕೇಳಿದರು. ಹೌದು, ಆ ಥರಾನೇ. ಆಮೇಲಿನ ಪ್ರಶ್ನೆ ಯಾವಾಗಲೂ ಒಂದೇ: "ಏನು ಉಪಯೋಗ?" ಇಷ್ಟು ದಿನ ಹಲ್ಲು ಕಿರಿದು ಸುಮ್ಮನಾಗ್ತಿದ್ದೆ. ಈಗ ಉತ್ತರ ಸಿಕ್ಕಿದೆ.

ಈ ಹುಚ್ಚು ಹತ್ತಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ, ಹಾರ್ಡ್ ಡಿಸ್ಕಿನಲ್ಲಿ ಕೈಯಿಂದ ಕೈಗೆ ಓಡಾಡ್ತಿದ್ದ 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾ ನೋಡಿ. ಅದರಲ್ಲಿ ಎಲ್ಫ್‌ಗಳು ಏನೋ ಮಾತಾಡ್ತಾರಲ್ಲ, ಅದು ಬಾಯಿಗೆ ಬಂದಂತೆ ಒದರಿದ್ದಲ್ಲ ಅಂತ ಗೊತ್ತಾದಾಗ ತಲೆ ಕೆಟ್ಟಿತು. ಕಥೆ ಬರೆದ ಜೆ. ಆರ್. ಆರ್. ಟೋಲ್ಕೀನ್ ವೃತ್ತಿಯಿಂದ ಭಾಷಾ ಪಂಡಿತ. 1919-20ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಕೆಲಸ ಮಾಡಿದವನು, 1925ರಿಂದ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರೊಫೆಸರ್. 1915ರ ಹೊತ್ತಿಗೇ ಕ್ವೆನ್ಯ ಅನ್ನೋ ಭಾಷೆಯ ಪದಕೋಶ ಬರೆಯೋಕೆ ಶುರು ಮಾಡಿದ್ದ. ಅಂದ್ರೆ ಕಥೆ ಪುಸ್ತಕವಾಗಿ ಬರೋಕೆ (1954-55) ಸುಮಾರು ನಲವತ್ತು ವರ್ಷ ಮುಂಚೆ! 1931ರಲ್ಲಿ ಈ ಹವ್ಯಾಸದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಅದಕ್ಕೆ ಇಟ್ಟ ಹೆಸರೇ 'ಎ ಸೀಕ್ರೆಟ್ ವೈಸ್', ಗುಟ್ಟಿನ ಚಟ. ಪ್ರೊಫೆಸರಿಗೇ ನಾಚಿಕೆ ಇತ್ತು ಅಂದ್ಮೇಲೆ ನನ್ನದೇನು ಮಹಾ.

ಎಸ್ಪೆರಾಂಟೊ ಗೊತ್ತಿರಬಹುದು. ಜಾಮೆನ್‌ಹಾಫ್ 1887ರಲ್ಲಿ ಪ್ರಕಟಿಸಿದ್ದು. ಕ್ರಿಯಾಪದಕ್ಕೆ 'ಆಸ್' ಹಚ್ಚಿದರೆ ವರ್ತಮಾನ, 'ಇಸ್' ಹಚ್ಚಿದರೆ ಭೂತ, 'ಓಸ್' ಹಚ್ಚಿದರೆ ಭವಿಷ್ಯ. ಅಪವಾದವೇ ಇಲ್ಲ, ಅರ್ಧ ಗಂಟೆಯಲ್ಲಿ ಕಲೀಬಹುದು. ಟೋಲ್ಕೀನ್ ಹೋಗಿದ್ದು ಇದರ ಉಲ್ಟಾ ದಾರಿ. ಅವನಿಗೆ ಬೇಕಾಗಿದ್ದು ಸಾವಿರಾರು ವರ್ಷ ಜನ ಆಡಿ ಆಡಿ ಸವೆದ ಭಾಷೆ. ಅದಕ್ಕೆ ಮೊದಲು ಒಂದು ಮೂಲ ಭಾಷೆ ಕಟ್ಟಿದ. ಅದರಿಂದ ಧ್ವನಿ ಬದಲಾವಣೆಯ ನಿಯಮಗಳನ್ನ ಓಡಿಸಿ ಎರಡು ಮಕ್ಕಳನ್ನ ಹುಟ್ಟಿಸಿದ. ಒಂದು ಕ್ವೆನ್ಯ, ಅದಕ್ಕೆ ಫಿನ್ನಿಶ್ ಭಾಷೆಯ ರುಚಿ. ಇನ್ನೊಂದು ಸಿಂಡರಿನ್, ಅದಕ್ಕೆ ವೆಲ್ಷ್ ರುಚಿ.

ಉದಾಹರಣೆಗೆ, 'ಮಾತು' ಅನ್ನೋದಕ್ಕೆ ಕ್ವೆನ್ಯದಲ್ಲಿ 'ಕ್ವೆತ್ತ', ಸಿಂಡರಿನ್‌ನಲ್ಲಿ 'ಪೆಥ್' (ಕೊನೆಯದು ಇಂಗ್ಲಿಷಿನ ಥಿಂಕ್‌ನಲ್ಲಿರೋ ಶಬ್ದ). ನೋಡಿದರೆ ಸಂಬಂಧವೇ ಇಲ್ಲ ಅನ್ಸುತ್ತೆ. ಆದ್ರೆ ಸಿಂಡರಿನ್‌ನಲ್ಲಿ ಮೂಲದ 'ಕ್ವ' ಎಲ್ಲಾ ಕಡೆ 'ಪ' ಆಗುತ್ತೆ, ಎರಡು 'ತ್' ಸೇರಿದ್ದು 'ಥ್' ಆಗುತ್ತೆ, ಕೊನೆಯ ಸ್ವರ ಬಿದ್ದು ಹೋಗುತ್ತೆ. ಮುಗೀತು. 'ಕ್ವ' ಮತ್ತು 'ಪ' ಅವನು ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. ನಾಲ್ಕು ಅನ್ನೋದಕ್ಕೆ ಲ್ಯಾಟಿನ್‌ನಲ್ಲಿ 'ಕ್ವಾತ್ತುವೊರ್', ವೆಲ್ಷ್‌ನಲ್ಲಿ 'ಪೆದ್ವಾರ್', ಸಂಸ್ಕೃತದಲ್ಲಿ 'ಚತ್ವಾರಃ'. ಮೂರೂ ಒಂದೇ ಅಜ್ಜಿಯ ಮೊಮ್ಮಕ್ಕಳು.

ಇನ್ನು ಕ್ರಿಯಾಪದ. ಕ್ವೆನ್ಯದಲ್ಲಿ 'ತಿರ್' ಅಂದ್ರೆ ನೋಡು, 'ತಿರ್ನೆ' ಅಂದ್ರೆ ನೋಡಿದ. 'ತುಲ್' ಅಂದ್ರೆ ಬಾ, ಬಂದ ಅನ್ನೋಕೆ 'ತುಲ್ಲೆ'. 'ಮತ್' ಅಂದ್ರೆ ತಿನ್ನು, ತಿಂದ ಅನ್ನೋಕೆ 'ಮಂತೆ'. ಮೊದಲ ನೋಟಕ್ಕೆ ಮೂರೂ ಮೂರು ದಾರಿ ಹಿಡಿದ ಹಾಗಿದೆ. ಸರಿಯಾಗಿ ನೋಡಿದರೆ ಮೂರಕ್ಕೂ ಹಚ್ಚಿರೋದು ಒಂದೇ 'ನೆ'. 'ರ್' ಪಕ್ಕ ಅದು ಸುಮ್ಮನೆ ಕೂತಿದೆ. 'ಲ್' ಪಕ್ಕ ಬಂದಾಗ ತಾನೂ 'ಲ್' ಆಗಿದೆ. 'ತ್' ಪಕ್ಕ ಕೂರೋಕೆ ಕಷ್ಟವಾಗಿ ಅದರ ಮುಂದಕ್ಕೆ ಹಾರಿ ಕೂತಿದೆ. ಇದನ್ನ ಟೋಲ್ಕೀನ್ ಒಂದು ವ್ಯಾಕರಣ ಪುಸ್ತಕ ಮಾಡಿ ಕೊಟ್ಟು ಹೋಗಲಿಲ್ಲ. ಕೊನೆಯವರೆಗೂ ತಿದ್ದುತ್ತಲೇ ಇದ್ದ, 1973ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಚೀಟಿ, ಟಿಪ್ಪಣಿಗಳನ್ನ ಇಟ್ಟುಕೊಂಡು ಅಭಿಮಾನಿಗಳು ಈ ಕಾಲರೂಪಗಳನ್ನ ಶಾಸನ ಓದಿದ ಹಾಗೆ ಓದಿ ಹೊರತೆಗೆದರು.

ಇದನ್ನೆಲ್ಲ ಓದಿ ನಾನೂ ಒಂದು ಕೈ ನೋಡೇಬಿಡೋಣ ಅಂತ ಹೊರಟೆ. ಇಂಜಿನಿಯರ್ ಬುದ್ಧಿ ನೋಡಿ, ಮೊದಲು ಮಾಡಿದ್ದು ಒಂದು ಸಣ್ಣ ಪೈಥಾನ್ ಪ್ರೋಗ್ರಾಮು. ಪದಗಳ ಪಟ್ಟಿ ಕೊಟ್ಟರೆ ಅದು ಒಂದೊಂದೇ ಧ್ವನಿ ನಿಯಮ ಓಡಿಸಿ 'ಸಾವಿರ ವರ್ಷದ ನಂತರದ' ಪದ ಕೊಡುತ್ತೆ. ನನ್ನ ಭಾಷೆಯಲ್ಲಿ 'ತಪ್' ಅಂದ್ರೆ ನಡೆ. 'ಅ' ಹಚ್ಚಿದರೆ ನಡೆಯುತ್ತಾನೆ: ತಪ. 'ನ' ಹಚ್ಚಿದರೆ ನಡೆದ: ತಪ್ನ. ಎಸ್ಪೆರಾಂಟೊ ಥರ ಅಚ್ಚುಕಟ್ಟು. ಈಗ ನಿಯಮಗಳು. ಒಂದು, ಎರಡು ಸ್ವರಗಳ ನಡುವಿನ 'ಪ' ಸಡಿಲವಾಗಿ 'ವ' ಆಗಲಿ. ಎರಡು, 'ನ' ಮುಂದಿನ 'ಪ್' ಮೂಗಿಗೇರಿ 'ಮ್' ಆಗಲಿ. ಮೂರು, 'ಮ್ನ' ಅನ್ನೋದು 'ಮ್ಮ' ಆಗಲಿ. ಎಂಟರ್ ಒತ್ತಿದೆ. ನಡೆಯುತ್ತಾನೆ ಅನ್ನೋದಕ್ಕೆ 'ತವ' ಬಂತು, ನಡೆದ ಅನ್ನೋದಕ್ಕೆ... 'ತಮ್ಮ'! ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ.

ನಾನು ಮಾತ್ರ ಪರದೆಯನ್ನೇ ನೋಡ್ತಾ ಕೂತಿದ್ದೆ. ಯಾಕಂದ್ರೆ ನಾನು ಅಪವಾದ ಅಂತ ಒಂದು ಸಾಲೂ ಬರೆದಿರಲಿಲ್ಲ. ಮೂರೂ ನಿಯಮ ನೆಟ್ಟಗೇ ಇದ್ದವು. ಆದರೂ ಕೊನೆಗೆ ಬಂದಿದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿಸುವಂಥ ಅಡ್ಡಾದಿಡ್ಡಿ ಕ್ರಿಯಾಪದ. ಇನ್ನೊಂದು ಪಾಠ ಮಾರನೇ ದಿನ ಸಿಕ್ಕಿತು. ಕೊನೆಯ ಸ್ವರ ಬಿದ್ದುಹೋಗಲಿ ಅಂತ ನಾಲ್ಕನೇ ನಿಯಮ ಬರೆದು ತಪ್ಪಿ ಎಲ್ಲಕ್ಕಿಂತ ಮೇಲೆ ಹಾಕಿದೆ. 'ತಪ' ಹೋಗಿ 'ತಪ್' ಆಯ್ತು. ಈಗ 'ಪ' ಸ್ವರಗಳ ನಡುವೆ ಇಲ್ಲ, ಹಾಗಾಗಿ 'ವ' ಆಗಲೇ ಇಲ್ಲ. ಅದೇ ನಾಲ್ಕು ಸಾಲು, ಕ್ರಮ ಬೇರೆ, ಭಾಷೆಯೇ ಬೇರೆ. ಸಿಂಡರಿನ್‌ನಲ್ಲೂ ಹೀಗೇ. ಒಂಟಿ 'ತ' ಸ್ವರಗಳ ನಡುವೆ 'ದ' ಆಗುತ್ತೆ. ಅಪ್ಪ ಅನ್ನೋದಕ್ಕೆ ಕ್ವೆನ್ಯದಲ್ಲಿ 'ಅತರ್', ಸಿಂಡರಿನ್‌ನಲ್ಲಿ 'ಅದರ್'. ಆದರೆ ಜೋಡಿ 'ತ್ತ' ಇರೋ ಪದ 'ಪೆದ್' ಆಗದೆ 'ಪೆಥ್' ಆಯ್ತು. ಜೋಡಿ ವ್ಯಂಜನ ಗಟ್ಟಿ, ಅಷ್ಟು ಸುಲಭಕ್ಕೆ ಕರಗಲ್ಲ.

ಜೋಡಿ ವ್ಯಂಜನ ಗಟ್ಟಿ... ಇದನ್ನ ಎಲ್ಲೋ ನೋಡಿದ್ದೀನಲ್ಲ ಅಂತ ಯೋಚಿಸ್ತಾ ಇದ್ದಾಗ ಹೊಳೆದದ್ದು ನಮ್ಮ ಕನ್ನಡ. ಪಂಪನ ಕಾಲಕ್ಕೆ, ಅಂದ್ರೆ 10ನೇ ಶತಮಾನದಲ್ಲಿ, ಪಾಲ್, ಪುಲಿ, ಪೂ, ಪತ್ತು. ಕುಮಾರವ್ಯಾಸನ ಹೊತ್ತಿಗೆ ಹಾಲು, ಹುಲಿ, ಹೂವು, ಹತ್ತು. ಆದ್ರೆ ಅಪ್ಪ, ಉಪ್ಪು, ತಪ್ಪು, ಕಪ್ಪು ಮಾತ್ರ ಹಾಗೇ ಉಳಿದವು. ಜೋಡಿ ಅಲ್ವಾ! ಕೆಂಪು, ತಂಪು ಕೂಡ ಉಳಿದವು, ಮುಂದೆ ಮೂಗಿನ ಅಕ್ಷರ ಕಾವಲು ಕೂತಿದೆ. ಸಂಸ್ಕೃತದ 'ಪಕ್ಷಿ' ಬೇಗ ನಮ್ಮ ಮನೆಗೆ ಬಂದು 'ಪಕ್ಕಿ' ಆಗಿದ್ದರಿಂದ 'ಹಕ್ಕಿ' ಆಯ್ತು. ಆಮೇಲೆ ಪುಸ್ತಕದ ದಾರಿಯಲ್ಲಿ ಮತ್ತೊಮ್ಮೆ ಬಂದ 'ಪಕ್ಷಿ' ಪಕ್ಷಿಯಾಗೇ ಉಳಿಯಿತು.

ಕ್ರಿಯಾಪದಗಳ ಕಥೆ ಇನ್ನೂ ಸ್ವಾರಸ್ಯ. ಕೇಳು, ಕೇಳಿದ. ಆಳು, ಆಳಿದ. ಸರಿ. ಹಾಗಾದ್ರೆ ಬೀಳು ಯಾಕೆ 'ಬೀಳಿದ' ಅಲ್ಲ? ಏಳು ಯಾಕೆ 'ಏಳಿದ' ಅಲ್ಲ? ಯಾಕಂದ್ರೆ ಅವೆರಡರಲ್ಲಿ ಇದ್ದದ್ದು ಈ 'ಳ' ಅಲ್ಲವೇ ಅಲ್ಲ. ಅಲ್ಲಿದ್ದದ್ದು ಈಗ ಕಾಣೆಯಾಗಿರೋ 'ೞ'. ಬೀೞ್ ಅನ್ನೋದರ ಭೂತರೂಪ ಬಿೞ್ದು. ವ್ಯಂಜನದ ಮುಂದೆ ಅದು ಬಿರ್ದು ಆಗಿ, ಬಿದ್ದು ಆಯ್ತು. ಏೞ್ ಹೀಗೇ ಎದ್ದು ಆಯ್ತು. ಒಂಟಿಯಾಗಿದ್ದ ಕಡೆ 'ೞ' ಹೋಗಿ 'ಳ' ಜೊತೆ ಬೆರೆತುಬಿಡ್ತು. ಇವು ಗೊಂದಲ ಆಗೋಕೆ ಶುರುವಾಗಿದ್ದಕ್ಕೇ 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ 'ೞ' ಇರೋ ಪದಗಳ ಪಟ್ಟಿ ಕೊಡಬೇಕಾಯ್ತು. ಅಕ್ಷರ ಸತ್ತು ಎಷ್ಟೋ ನೂರು ವರ್ಷ ಆದರೂ ನಾವು ದಿನಾ ಬಿದ್ದೆ, ಎದ್ದೆ ಅನ್ನೋವಾಗ ಅದರ ಗುರುತು ಬಾಯಲ್ಲಿದೆ. ಶಾಲೆಯಲ್ಲಿ ನನಗೆ ಇದನ್ನ ಯಾರೂ ಹೇಳಲಿಲ್ಲ. 'ಅದು ಹಾಗೇ, ಬಾಯಿಪಾಠ ಮಾಡು' ಅಂದರು ಅಷ್ಟೆ.

ಈಗ ಅವ್ವನ 'ಆಲು'ಗೆ ಬರ್ತೀನಿ.

ನಮ್ಮದು ಮಂಡ್ಯ ಕಡೆಯ ಹಳ್ಳಿ. ನಮ್ಮ ಕಡೆ ಹಾಲು ಅಂದ್ರೆ ಆಲು, ಹೂವು ಅಂದ್ರೆ ಊವು, ಹಿಟ್ಟು ಅಂದ್ರೆ ಇಟ್ಟು. ಕಾಲೇಜಿನ ಮೊದಲ ವಾರ ನಾನೂ ಹೀಗೇ ಮಾತಾಡಿ 'ಆಲೂ' ಅನ್ನೋ ಅಡ್ಡಹೆಸರು ಗಿಟ್ಟಿಸಿಕೊಂಡೆ. ಉತ್ತರದ ಹುಡುಗರು ಆಲೂಗಡ್ಡೆ ಅಂದುಕೊಂಡು ನಾಲ್ಕು ವರ್ಷ ಹಾಗೇ ಕರೆದರು. ರಾತ್ರಿ ಮೊಬೈಲಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿಕೊಂಡು ಹ, ಹಾ, ಹಿ, ಹೀ ಅಭ್ಯಾಸ ಮಾಡಿದ್ದೀನಿ. ಅತಿಯಾಗಿ, ಬೇಡದ ಕಡೆಯೂ 'ಹ' ತುರುಕಿದ್ದೀನಿ. ವೇದಿಕೆ ಮೇಲೆ 'ಆದರ'ಕ್ಕೆ 'ಹ' ಸೇರಿಸಿದವನ ಹಳೇ ಜೋಕು ಎಲ್ಲರಿಗೂ ಗೊತ್ತಲ್ಲ, ಆ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನಾನೇ. ಮನೆಗೆ ಫೋನ್ ಮಾಡೋವಾಗ ರೂಮಿನಿಂದ ಆಚೆ ಹೋಗ್ತಿದ್ದೆ. ಅವ್ವನ ಹತ್ತಿರ ಮಾತಾಡಿದರೆ 'ಹ' ತಾನಾಗೇ ಉದುರಿ ಹೋಗ್ತಿತ್ತು, ಯಾರಾದರೂ ಕೇಳಿಸಿಕೊಂಡಾರು ಅಂತ.

ಅದೇ ಜೋಕು ಎರಡು ಸಾವಿರ ವರ್ಷ ಹಳೆಯದು ಅಂತ ಆಗ ಗೊತ್ತಿರಲಿಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಕತುಲ್ಲುಸ್, ಅರ್ರಿಯುಸ್ ಅನ್ನೋ ಒಬ್ಬ ಬೇಡದ ಕಡೆಯೆಲ್ಲ 'ಹ' ಸೇರಿಸಿ ಮಾತಾಡ್ತಾನೆ ಅಂತ ಆಡಿಕೊಂಡು ಪದ್ಯ ಬರೆದಿದ್ದಾನೆ. ಆಮೇಲೆ ಏನಾಯ್ತು? ಲ್ಯಾಟಿನ್‌ನ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಶ್ ಮೂರರಲ್ಲೂ ಆ ಹಳೆಯ 'ಹ' ಬಿದ್ದೇ ಹೋಯ್ತು. ಸ್ಪ್ಯಾನಿಶ್ ಅಂತೂ ನಮ್ಮ ಮಂಡ್ಯದ ದಾರಿಯಲ್ಲೇ ನಡೆದಿದೆ. ಲ್ಯಾಟಿನ್‌ನಲ್ಲಿ ಹಿಟ್ಟಿಗೆ 'ಫರೀನಾ'. ಸ್ಪ್ಯಾನಿಶ್‌ನಲ್ಲಿ ಮೊದಲು 'ಫ' ಹೋಗಿ 'ಹ' ಆಯ್ತು, ಆಮೇಲೆ ಆ 'ಹ'ವೂ ಹೋಯ್ತು. ಇವತ್ತು 'ಹರೀನಾ' ಅಂತ ಬರೀತಾರೆ, 'ಅರೀನಾ' ಅಂತ ಓದ್ತಾರೆ. ಅದನ್ನ ಯಾರೂ ಹಳ್ಳಿಗಮಾರರ ಸ್ಪ್ಯಾನಿಶ್ ಅನ್ನಲ್ಲ. ಅವರ ಹಿಟ್ಟು 'ಅರೀನಾ' ಆಗಬಹುದು, ನಮ್ಮ ಹಿಟ್ಟು 'ಇಟ್ಟು' ಆಗಬಾರದಾ?

ಅಂದ್ರೆ ಅವ್ವ 'ಹಾಲು' ಅನ್ನೋಕೆ ಬರದೆ 'ಆಲು' ಅಂತಿಲ್ಲ. ಪಾಲು, ಹಾಲು, ಆಲು ಅನ್ನೋ ಸಾಲಿನಲ್ಲಿ ಅವಳು ನಮಗಿಂತ ಒಂದು ಹೆಜ್ಜೆ ಮುಂದಿದ್ದಾಳೆ. ಮನಸ್ಸಿಗೆ ಬಂದ ಕಡೆ ಬಿಡ್ತಾಳಾ ಅಂದ್ರೆ ಅದೂ ಇಲ್ಲ, ಪದದ ಮೊದಲಲ್ಲಿ ಎಲ್ಲಾ ಕಡೆ ಬಿಡ್ತಾಳೆ. ನನ್ನ ಪ್ರೋಗ್ರಾಮಿನಲ್ಲಿ ಬರೆದರೆ ಒಂದು ಸಾಲಿನ ನಿಯಮ. ನಾವು ಮೊದಲ ಬದಲಾವಣೆಗೆ 'ಭಾಷೆಯ ಬೆಳವಣಿಗೆ' ಅಂತ ಪರೀಕ್ಷೆಯಲ್ಲಿ ಐದು ಮಾರ್ಕಿನ ಉತ್ತರ ಬರೀತೀವಿ. ಎರಡನೆಯದಕ್ಕೆ 'ಉಚ್ಚಾರ ದೋಷ' ಅಂತೀವಿ. ವ್ಯತ್ಯಾಸ ಇಷ್ಟೇ, ಮೊದಲನೆಯದನ್ನ ಮಾಡಿದವರು ಯಾರೂ ಈಗ ನಮ್ಮೆದುರು ನಿಂತಿಲ್ಲ.

'ಹಾಗಾದ್ರೆ ಹಕ್ಕಿಗೂ ಅಕ್ಕಿಗೂ ವ್ಯತ್ಯಾಸ ಬೇಡವಾ?' ಅಂತ ನೀವು ಕೇಳಬಹುದು. ಹಳಗನ್ನಡದಲ್ಲಿ ಬದುಕು ಅನ್ನೋ ಅರ್ಥದ ಪದ 'ಬಾೞ್', ಕತ್ತಿ ಅನ್ನೋ ಅರ್ಥದ್ದು 'ಬಾಳ್'. ಈಗ ಎರಡೂ 'ಬಾಳು'. ಹಾಗಂತ ನವದಂಪತಿಗೆ "ನೂರು ವರ್ಷ ಬಾಳಿ" ಅಂದರೆ ಯಾರೂ ಕತ್ತಿ ಹಿರಿಯಲ್ಲ :) ಮಾತಿನಲ್ಲಿ ಸಂದರ್ಭ ಅನ್ನೋದು ಒಂದಿರುತ್ತೆ. ನಮ್ಮೂರಲ್ಲಿ ಅಕ್ಕಿ ತರೋಕೆ ಹೇಳಿದರೆ ಯಾರೂ ಹಕ್ಕಿ ಹಿಡ್ಕೊಂಡು ಬಂದಿದ್ದು ನಾನು ಕಂಡಿಲ್ಲ.

ಬರವಣಿಗೆಗೆ ಒಂದು ಪದ್ಧತಿ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ನಾನೂ ಇಲ್ಲಿ 'ಹಾಲು' ಅಂತಲೇ ಬರೆದಿದ್ದೀನಿ. ಮಕ್ಕಳು ಶಾಲೆಯಲ್ಲಿ 'ಹ' ಕಲೀಲಿ, ಚೆನ್ನಾಗಿ ಕಲೀಲಿ. ಆದ್ರೆ ಬರೆಯೋ ಕನ್ನಡ ಒಂದಿರಲಿ ಅನ್ನೋದು ಬೇರೆ, ಆಡೋ ಕನ್ನಡ ತಪ್ಪು ಅನ್ನೋದು ಬೇರೆ. ಎರಡನ್ನೂ ಕಲಸಿ ನಾವು ಅಜ್ಜಿಯರ ಬಾಯಿ ಮುಚ್ಚಿಸ್ತಿದ್ದೀವಿ.

ಟೋಲ್ಕೀನ್ 1968ರ ಸುಮಾರಿಗೆ ಬರೆದ ಒಂದು ಪ್ರಬಂಧ ಇದೆ, 'ದ ಶಿಬ್ಬೊಲೆತ್ ಆಫ್ ಫೆಯಾನೋರ್'. ಅವನು ಹೋದ ಮೇಲೆ, 1996ರಲ್ಲಿ ಪ್ರಕಟವಾಯ್ತು. ಕ್ವೆನ್ಯ ಆಡೋ ಜನರಲ್ಲಿ 'ಥಿಂಕ್'ನ 'ಥ' ನಿಧಾನಕ್ಕೆ 'ಸ' ಆಗ್ತಾ ಬರುತ್ತೆ. ಮೀರಿಯೆಲ್ ಅನ್ನೋ ರಾಣಿಗೆ ಕಸೂತಿಯಲ್ಲಿ ಎತ್ತಿದ ಕೈ, ಅದಕ್ಕೆ ಅವಳಿಗೆ 'ಥೆರಿಂದೆ' ಅಂತ ಹೆಸರು. ಜನ ಅದನ್ನ 'ಸೆರಿಂದೆ' ಅನ್ನೋಕೆ ಶುರು ಮಾಡ್ತಾರೆ. ಅವಳಿಗೆ ಅದು ಇಷ್ಟ ಇಲ್ಲ. ಅವಳು ತೀರಿಕೊಂಡ ಮೇಲೆ ಮಗ ಫೆಯಾನೋರ್ 'ಥ' ಬಿಡಲ್ಲ ಅಂತ ಹಟ ಹಿಡೀತಾನೆ. 'ಸ' ಅಂದವರೆಲ್ಲ ಅಮ್ಮನನ್ನ ಅವಮಾನಿಸಿದ ಹಾಗೆ ಅನ್ಸುತ್ತೆ ಅವನಿಗೆ. ಒಂದು ವ್ಯಂಜನ ಮನೆತನದ ಜಗಳಕ್ಕೆ ಸೌದೆ ಆಗುತ್ತೆ.

ಮೊದಲ ಸಲ ಓದಿದಾಗ ಇದೆಂಥ ಅತಿರೇಕ ಅನ್ನಿಸಿತ್ತು. ಅಕ್ಕನ ಮನೆಯಿಂದ ಬಂದ ರಾತ್ರಿ ಮತ್ತೆ ತೆಗೆದು ಓದಿದೆ. ಫೆಯಾನೋರ್ ಹಿಡಿದದ್ದು ಹಳೇ ಶಬ್ದ, ನಾನು ಹಿಡಿಯೋಕೆ ಹೊರಟಿರೋದು ಹೊಸ ಶಬ್ದ. ಇಬ್ಬರಿಗೂ ಕಾರಣ ಒಂದೇ, ಅಮ್ಮ. ವ್ಯಾಕರಣ ಅನ್ಕೊಂಡು ನಾವು ತಿದ್ದೋ ಪ್ರತಿ ಶಬ್ದದ ಹಿಂದೆ ಒಬ್ಬರ ಬಾಯಿ ಇರುತ್ತೆ. ಅವನ ಹಾಗೆ ಜಗಳ ಆಡೋದು ಬೇಡ. ಆದ್ರೆ ರೂಮಿನಿಂದ ಆಚೆ ಹೋಗಿ ಫೋನಿನಲ್ಲಿ ಮಾತಾಡೋದೂ ಬೇಡ.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಪೋರಿಯನ್ನ ಕೂರಿಸಿಕೊಂಡು "ಹತ್ತು ಹತ್ತಾಗಿ ನೂರರವರೆಗೆ ಎಣಿಸು" ಅಂದೆ. ಹತ್ತು, ಇಪ್ಪತ್ತು, ಮೂವತ್ತು ಅಂತ ಹೇಳಿದಳು.

"ಹತ್ತು ಅಂತೀಯ, ಆದ್ರೆ ಎರಡು ಹತ್ತು 'ಇಹ್ಹತ್ತು' ಯಾಕಲ್ಲ?" ಅಂದೆ.

ಯೋಚಿಸಿದಳು. ಹಾಳೆಯಲ್ಲಿ ಬರೆದಳು. ಇಪ್ಪತ್ತರಲ್ಲಿ 'ಪತ್ತು', ಐವತ್ತರಲ್ಲಿ 'ವತ್ತು', ಎಂಬತ್ತರಲ್ಲಿ 'ಬತ್ತು'. "ಮಾಮ, ಎಪ್ಪತ್ತರಲ್ಲೂ ಪತ್ತು ಇದೆ! ಹಾಗಾದ್ರೆ ಮೊದಲು ಪತ್ತು ಇತ್ತಾ?"

"ಇತ್ತು. ಆಮೇಲೆ ಹತ್ತು ಆಯ್ತು. ಆಮೇಲೆ ಏನಾಗುತ್ತೆ ಅಂತ ಒಳಗೆ ಹೋಗಿ ಅಜ್ಜಿ ಹತ್ರ ಎಣಿಸೋಕೆ ಹೇಳು."

ಅಡಿಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅವ್ವನ ದನಿ ಕೇಳಿಸ್ತು, "ಒಂಬತ್ತು... ಅತ್ತು..." ಪೋರಿ ಕಿರುಚಿದಳು, "ಮಾಮಾ, ಅಜ್ಜೀದು ಮೂರನೇದು!"

ಅವ್ವ ಏನೂ ಅರ್ಥವಾಗದೆ ಸೌಟು ಹಿಡ್ಕೊಂಡು ಆಚೆ ಬಂದು, "ಏನ್ಲಾ ಅದು, ಮಗೀಗೆ ಏನ್ ಯೋಳ್ಕೊಟ್ಟೆ?" ಅಂತ ಕೇಳಿದಳು.

ನಿಮ್ಮ ಊರ ಕಡೆ ಹೇಗೆ? ನಿಮ್ಮ ಅಜ್ಜಿಯ ಬಾಯಲ್ಲಿ ಯಾವ ಅಕ್ಷರ ಉದುರುತ್ತೆ, ಯಾವುದು ಹೊಸದಾಗಿ ಬಂದು ಸೇರುತ್ತೆ? ತಿಳಿಸಿ. ಪ್ರೋಗ್ರಾಮಿಗೆ ಹಾಕಿ ಓಡಿಸಿ ನೋಡೋಣ :)